ಧರ್ಮಾಧ್ಯಕ್ಷರ ಮಡದಿಯೂ ನೋಡುಗರ ತೀರ್ಪೂ

ಡಿಸೆಂಬರ್ ತಿಂಗಳೆಂದರೆ ಹುಣಸೂರು, ಪಿರಿಯಾಪಟ್ಟಣಗಳ ಕಡೆ ಹೊಗೆಸೊಪ್ಪಿನ ಹರಾಜಿನ ಕಾಲ. ಕೆ.ಆರ್. ನಗರದ ನಾಲೆ ಬಯಲುಗಳಲ್ಲಿ ಭತ್ತದ ಕೊಯ್ಲು, ಹೆಗ್ಗಡದೇವನಕೋಟೆಯ ಕಡೆ ರಾಗಿಯ ಕಣ. ದುಡಿಮೆಯ ಈ ಭರಾಟೆಯ ನಡುವೆಯೇ ನಮ್ಮ ಮನೆಗಳ ಮುಂದೆ ನಕ್ಷತ್ರದ ದೀಪ ಏರುತ್ತದೆ, ಗೋದಲಿ ಸಿದ್ಧವಾಗುತ್ತದೆ, ಕಜ್ಜಾಯದ ಬಾಣಲೆ ಒಲೆಯನ್ನೇರುತ್ತದೆ. ನಡುರಾತ್ರಿಯ ಬಲಿಪೂಜೆ ಮುಗಿದು, ಮರುದಿನದ ಊಟವೂ ಮುಗಿದ ಮೇಲೆ ಮನೆಮಂದಿಯೆಲ್ಲ ಟಿ.ವಿ.ಯ ಮುಂದೆಯೋ ಮೊಬೈಲಿನ ಮುಂದೆಯೋ ಕುಳಿತು ಹಬ್ಬದ ಸಿನಿಮಾ ಒಂದನ್ನು ನೋಡುವುದು ಈಗ ಹಲವು ಕುಟುಂಬಗಳಲ್ಲಿ ರೂಢಿಯಾಗಿದೆ. ಹಿಮ ಬೀಳುವ ಊರು, ಗಂಡು ಹೆಣ್ಣಿನ ಮುನಿಸು, ಒಂದಿಷ್ಟು ನಗೆ, ಕೊನೆಗೆ ಎಲ್ಲವೂ ಸರಿಹೋಗುವ ಕ್ರಿಸ್ಮಸ್ ರಾತ್ರಿ: ಇವು ಅಂತಹ ಚಿತ್ರಗಳ ಸಾಮಾನ್ಯ ಹೂರಣ. ಮಕ್ಕಳಿಗೆ ಅದು ಇಷ್ಟ. ಹಿರಿಯರಲ್ಲಿ ಕೆಲವರು ಮಾತ್ರ, "ಇದರಲ್ಲಿ ಕ್ರಿಸ್ತ ಎಲ್ಲಿದ್ದಾನೆ?" ಎಂದು ಕೇಳುತ್ತಾರೆ.

ಈ ಪ್ರಶ್ನೆ ಹೊಸದೇನಲ್ಲ. ಸುಮಾರು ಎಂಟು ದಶಕಗಳ ಹಿಂದೆ, 1947ರಲ್ಲಿ, ಇದು ಅಮೆರಿಕದ ಚಿತ್ರಮಂದಿರಗಳಲ್ಲಿಯೂ ದೇವಾಲಯಗಳಲ್ಲಿಯೂ ಬೇರೆ ಬೇರೆ ರೂಪಗಳಲ್ಲಿ ಎದ್ದಿತ್ತು. ಆ ವರ್ಷ ತೆರೆಕಂಡ ಮೂರು ಚಿತ್ರಗಳ ಮೇಲೆ ನೋಡುಗರು ಮೂರು ಬಗೆಯ ತೀರ್ಪುಗಳನ್ನಿತ್ತರು. ಕಾಲ ಕಳೆದಂತೆ ಆ ಮೂರೂ ತೀರ್ಪುಗಳು ಬದಲಾದವು. ಆ ಮೂರರಲ್ಲಿ ಒಂದರ ಪಾತ್ರವರ್ಗದಲ್ಲಿ ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನ ಮಾವುತನ ಮಗನೊಬ್ಬನಿದ್ದ ಎಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದ ಸಂಗತಿ. ಆದ್ದರಿಂದ ಈ ಇತಿಹಾಸವನ್ನು ಒಮ್ಮೆ ತಿರುವಿ ನೋಡುವುದು ಲಾಭಕರ.

ಪ್ರಧಾನಾಲಯ ಬೇಡಿದ ಧರ್ಮಾಧ್ಯಕ್ಷರು

ಮೊದಲನೆಯ ಚಿತ್ರ 'ದಿ ಬಿಷಪ್ಸ್ ವೈಫ್', ಅಂದರೆ 'ಧರ್ಮಾಧ್ಯಕ್ಷರ ಮಡದಿ'. ಹೆಸರು ಕೇಳಿದೊಡನೆ ನಮ್ಮ ಓದುಗರು ಹುಬ್ಬೇರಿಸಬಹುದು. ಇಲ್ಲಿನ ಧರ್ಮಾಧ್ಯಕ್ಷರು ಕಥೋಲಿಕರಲ್ಲ. ಆಂಗ್ಲಿಕನ್ ಪರಂಪರೆಗೆ ಸೇರಿದ ಅಮೆರಿಕದ ಎಪಿಸ್ಕೋಪಲ್ ಸಭೆಯವರು. ಆ ಸಭೆಯಲ್ಲಿ ಗುರುಗಳಿಗೂ ಧರ್ಮಾಧ್ಯಕ್ಷರಿಗೂ ವಿವಾಹವುಂಟು. ರಾಬರ್ಟ್ ನೇಥನ್ ಅವರು 1928ರಲ್ಲಿ ಬರೆದ ಕಿರುಕಾದಂಬರಿಯನ್ನು ಆಧರಿಸಿ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಇದನ್ನು ನಿರ್ಮಿಸಿದರು; ಹೆನ್ರಿ ಕೋಸ್ಟರ್ ನಿರ್ದೇಶಿಸಿದರು. ಡೇವಿಡ್ ನಿವೆನ್ ಧರ್ಮಾಧ್ಯಕ್ಷರಾಗಿ, ಲೊರೆಟ್ಟಾ ಯಂಗ್ ಅವರ ಮಡದಿಯಾಗಿ, ಕ್ಯಾರಿ ಗ್ರಾಂಟ್ ದೇವದೂತನಾಗಿ ಅಭಿನಯಿಸಿದರು.

ಕಥೆ ಸರಳವಾದುದು. ಹೆನ್ರಿ ಎಂಬ ಧರ್ಮಾಧ್ಯಕ್ಷರಿಗೆ ಭವ್ಯವಾದ ಪ್ರಧಾನಾಲಯವೊಂದನ್ನು ಕಟ್ಟಿಸುವ ಹಂಬಲ. ಹಣವುಳ್ಳ ವಿಧವೆಯೊಬ್ಬಳು ನೆರವಾಗಲು ಸಿದ್ಧಳಿದ್ದಾಳೆ, ಆದರೆ ಆ ಕಟ್ಟಡ ತನ್ನ ಗಂಡನ ಹೆಸರಿನ ಸ್ಮಾರಕವಾಗಬೇಕೆಂಬುದು ಆಕೆಯ ಷರತ್ತು. ದಿನವಿಡೀ ಸಭೆ, ಸಮಾಲೋಚನೆ, ದಾನಿಗಳ ಭೇಟಿ. ಮನೆಯಲ್ಲಿ ಮಡದಿ ಜೂಲಿಯಾ ಮತ್ತು ಪುಟ್ಟ ಮಗಳು ಅವರಿಗಾಗಿ ಕಾದು ಕಾದು ಸೋಲುತ್ತಾರೆ. ಒಮ್ಮೆ ದಣಿದು ಕುಳಿತ ಹೆನ್ರಿ ದೇವರ ನೆರವನ್ನು ಬೇಡುತ್ತಾರೆ. ಡಡ್ಲಿ ಎಂಬ ದೇವದೂತ ಬರುತ್ತಾನೆ. ಆದರೆ ಅವನು ಕಟ್ಟಡದ ವಿಷಯಕ್ಕೆ ಕೈಹಾಕುವುದೇ ಇಲ್ಲ. ಜೂಲಿಯಾಳನ್ನು ಊಟಕ್ಕೆ ಕರೆದೊಯ್ಯುತ್ತಾನೆ, ಮಂಜುಗಡ್ಡೆಯ ಮೇಲೆ ಜಾರಾಟ ಆಡಿಸುತ್ತಾನೆ, ಬಡ ಧರ್ಮಕೇಂದ್ರವೊಂದರ ಹುಡುಗರ ಗಾಯನವೃಂದಕ್ಕೆ ಜೀವ ತುಂಬುತ್ತಾನೆ. ಹೆನ್ರಿಗೆ ಹೊಟ್ಟೆಕಿಚ್ಚು ಹುಟ್ಟುತ್ತದೆ, ನೋಡುಗರಿಗೆ ನಗೆ ಉಕ್ಕುತ್ತದೆ. ಕೊನೆಗೆ ಆ ಸಿರಿವಂತೆಯ ಹೃದಯ ಕರಗುತ್ತದೆ; ಪ್ರಧಾನಾಲಯಕ್ಕೆಂದಿದ್ದ ಹಣವನ್ನು ಆಕೆ ಹಸಿದವರಿಗೂ ನೆಲೆಯಿಲ್ಲದವರಿಗೂ ಕೊಡಲು ನಿಶ್ಚಯಿಸುತ್ತಾಳೆ. ತಾನು ಬೇಡಿದ್ದು ಪ್ರಧಾನಾಲಯವನ್ನಲ್ಲವೇ ಎಂದು ಹೆನ್ರಿ ಕೇಳಿದಾಗ, ನೀವು ಬೇಡಿದ್ದು ಮಾರ್ಗದರ್ಶನವನ್ನು ಎಂದು ದೇವದೂತ ನೆನಪಿಸುತ್ತಾನೆ. ಹೆನ್ರಿಗೆ ಕಟ್ಟಡ ದೊರೆಯುವುದಿಲ್ಲ, ಮನೆ ದೊರೆಯುತ್ತದೆ.

ನಮ್ಮ ನಾಡಿನ ಓದುಗರಿಗೆ ಈ ಕಥೆ ದೂರದ್ದೆನಿಸಬಾರದು. ಮೈಸೂರಿನ ಸಂತ ಫಿಲೋಮಿನಾ ದೇವಾಲಯಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲನ್ನಿಟ್ಟದ್ದು 1933ರ ಅಕ್ಟೋಬರ್ 28ರಂದು. ಅದರ ಜೋಡಿ ಗೋಪುರಗಳನ್ನು ಕಂಡು ಹೆಮ್ಮೆಪಡದ ಕುಟುಂಬ ನಮ್ಮಲ್ಲಿಲ್ಲ. ಹಾಗೆ ಹೆಮ್ಮೆಪಡುವುದರಲ್ಲಿ ತಪ್ಪೂ ಇಲ್ಲ. ಕೆ.ಆರ್. ನಗರ ತಾಲ್ಲೂಕಿನ ದೋರನಹಳ್ಳಿಯ ಸಂತ ಅಂತೋಣಿಯವರ ಪುಣ್ಯಕ್ಷೇತ್ರ 2019ರಲ್ಲಿ ಬಸಿಲಿಕದ ಗೌರವವನ್ನು ಪಡೆದಾಗಲೂ ನಾವು ಸಂಭ್ರಮಿಸಿದೆವು. ಆದರೆ ಅದೇ ಸಂತರ ಹೆಸರಿನಲ್ಲಿ ಬಡವರಿಗೆ ರೊಟ್ಟಿ ನೀಡುವ ರೂಢಿ ಕಥೋಲಿಕ ಲೋಕದಲ್ಲಿ ಬಹುಕಾಲದಿಂದ ಇದೆ. ಕಲ್ಲಿನ ಆಲಯವೂ ಬೇಕು, ಅಂತೋಣಿಯವರ ರೊಟ್ಟಿಯೂ ಬೇಕು. ಮೊದಲನೆಯದು ಎರಡನೆಯದನ್ನು ಮರೆಸಿದಾಗ ಏನಾಗುತ್ತದೆ ಎಂಬುದನ್ನು ಈ ಹಾಸ್ಯಚಿತ್ರ ನಗುನಗುತ್ತ ಕೇಳುತ್ತದೆ.

ಧರ್ಮವನ್ನು ಮುಚ್ಚಿಟ್ಟ ಭಿತ್ತಿಪತ್ರ

ಇಂತಹ ಚಿತ್ರವನ್ನು 1947ರ ನೋಡುಗರು ಹೇಗೆ ಬರಮಾಡಿಕೊಂಡರು? ಗೌರವಗಳಿಗೇನೂ ಕೊರತೆಯಾಗಲಿಲ್ಲ. ಆ ವರ್ಷದ ನವೆಂಬರ್‌ನಲ್ಲಿ ಲಂಡನ್ನಿನಲ್ಲಿ ರಾಜಮನೆತನದವರ ಸಮ್ಮುಖದ ವಿಶೇಷ ಪ್ರದರ್ಶನಕ್ಕೆ ಅದು ಆಯ್ಕೆಯಾಯಿತು. ಆದರೆ ಅಮೆರಿಕದಲ್ಲಿ ಜನಸಾಮಾನ್ಯರು ನಿರೀಕ್ಷಿಸಿದಷ್ಟು ಸಂಖ್ಯೆಯಲ್ಲಿ ಬರಲಿಲ್ಲ. ಕಾರಣವನ್ನು ವಿಚಾರಿಸಿ ನೋಡಿದಾಗ ತಿಳಿದುಬಂದದ್ದು ಇಷ್ಟು: 'ಬಿಷಪ್' ಎಂಬ ಹೆಸರನ್ನು ಕಂಡವರು ಇದೊಂದು ಧಾರ್ಮಿಕ ಚಿತ್ರವೆಂದು ಭಾವಿಸಿ ದೂರ ಉಳಿದಿದ್ದರು. ಆಗ ಕೆಲವು ಊರುಗಳಲ್ಲಿ ನಾಯಕನಟನ ಹೆಸರನ್ನು ಸೇರಿಸಿ 'ಕ್ಯಾರಿ ಅಂಡ್ ದಿ ಬಿಷಪ್ಸ್ ವೈಫ್' ಎಂದು ಜಾಹೀರಾತು ಮಾಡಲಾಯಿತು. ಚಿತ್ರ ಅದೇ, ಕಥೆ ಅದೇ. ಬದಲಾದದ್ದು ಭಿತ್ತಿಪತ್ರ ಮಾತ್ರ. ಅಲ್ಲೆಲ್ಲ ಗಳಿಕೆ ಏರಿತು.

ಗುರುವೃತ್ತಿಯಲ್ಲಿರುವವರು ಈ ಸಣ್ಣ ಘಟನೆಯನ್ನು ನಕ್ಕು ಮರೆತುಬಿಡಬಾರದು. ಆ ನೋಡುಗರು ಧರ್ಮದ್ವೇಷಿಗಳಾಗಿರಲಿಲ್ಲ. ಅವರಲ್ಲಿ ಅನೇಕರು ಭಾನುವಾರ ತಪ್ಪದೆ ದೇವಾಲಯಕ್ಕೆ ಹೋಗುವವರೇ. ಅವರು ಹೆದರಿದ್ದು ಪ್ರಬೋಧನೆಯ ಬೇಸರಕ್ಕೆ. ಧರ್ಮವೆಂದರೆ ನಗೆಯಿಲ್ಲದ್ದು, ಸಂತೋಷಕ್ಕೆ ಅಡ್ಡಬರುವಂಥದ್ದು ಎಂಬ ಅಭಿಪ್ರಾಯ ಅವರಲ್ಲಿ ಬೇರೂರಿತ್ತು. ಆ ಅಭಿಪ್ರಾಯವನ್ನು ಬಿತ್ತಿದವರಲ್ಲಿ ಬೋಧಕರಾದ ನಮ್ಮಂಥವರ ಪಾಲು ಎಷ್ಟಿದ್ದೀತು ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. "ಮಹಾ ಸಂತೋಷದ ವಾರ್ತೆ" ಎಂದು ದೇವದೂತನು ಕುರಿಗಾಹಿಗಳಿಗೆ ಸಾರಿದ ಸಂದೇಶವನ್ನು ನಾವು ಸಂತೋಷವಿಲ್ಲದೆ ಸಾರುತ್ತ ಬಂದರೆ ಜನರು ಭಿತ್ತಿಪತ್ರವನ್ನು ನೋಡಿಯೇ ಹಿಂದಿರುಗುತ್ತಾರೆ.

ಎರಡನೆಯ ಚಿತ್ರದ ಕಥೆ ಇನ್ನೂ ವಿಚಿತ್ರ. 'ಮಿರಕಲ್ ಆನ್ ಥರ್ಟಿಫೋರ್ತ್ ಸ್ಟ್ರೀಟ್' ಎಂಬ ಈ ಚಿತ್ರದಲ್ಲಿ ನ್ಯೂಯಾರ್ಕಿನ ದೊಡ್ಡ ಅಂಗಡಿಯೊಂದರಲ್ಲಿ ಸಾಂತಾಕ್ಲಾಸನ ವೇಷ ಹಾಕುವ ಮುದುಕನೊಬ್ಬ ತಾನು ನಿಜವಾದ ಸಾಂತಾಕ್ಲಾಸನೇ ಎನ್ನುತ್ತಾನೆ. ಅವನ ಬುದ್ಧಿಸ್ವಾಸ್ಥ್ಯದ ಪ್ರಶ್ನೆ ನ್ಯಾಯಾಲಯಕ್ಕೆ ಹೋಗುತ್ತದೆ. ಅವನ ಪರವಾಗಿ ವಾದಿಸುವ ವಕೀಲನಿಗೂ ಆ ಅಂಗಡಿಯ ಅಧಿಕಾರಿಣಿಗೂ ನಡುವೆ ಪ್ರೇಮ ಚಿಗುರುತ್ತದೆ. ಪೂರ್ತಿಯಾಗಿ ಕ್ರಿಸ್ಮಸ್ ಕಾಲದ ಈ ಕಥೆಯನ್ನು ಬಿಡುಗಡೆ ಮಾಡಿದ್ದು ಬೇಸಗೆಯಲ್ಲಿ! ಬೇಸಗೆಯಲ್ಲಿಯೇ ಹೆಚ್ಚು ಜನ ಚಿತ್ರಮಂದಿರಕ್ಕೆ ಬರುತ್ತಾರೆಂಬುದು ಸ್ಟುಡಿಯೋ ಮುಖ್ಯಸ್ಥರ ಲೆಕ್ಕಾಚಾರ. ಹಾಗಾಗಿ ಜಾಹೀರಾತಿನಲ್ಲಿ ಕ್ರಿಸ್ಮಸ್ಸಿನ ಸುಳಿವನ್ನೇ ಮರೆಮಾಡಲಾಯಿತು. ಒಂದು ಚಿತ್ರ ಧರ್ಮಾಧ್ಯಕ್ಷರನ್ನು ಮರೆಮಾಡಿದರೆ ಇನ್ನೊಂದು ಹಬ್ಬವನ್ನೇ ಮರೆಮಾಡಿತು.

ಈ ಚಿತ್ರವನ್ನು ಜನ ಮೆಚ್ಚಿದರು. ಆದರೆ ಅಮೆರಿಕದ ಕಥೋಲಿಕರ ಅಧಿಕೃತ ಅಭಿಪ್ರಾಯ ಬೇರೆಯಾಗಿತ್ತು. ಅಲ್ಲಿನ ಕಥೋಲಿಕರು 1930ರ ದಶಕದ ಆರಂಭದಲ್ಲಿ 'ಲೀಜನ್ ಆಫ್ ಡೀಸೆನ್ಸಿ' ಎಂಬ ಸಂಘಟನೆಯನ್ನು ಕಟ್ಟಿಕೊಂಡಿದ್ದರು. ಚಿತ್ರಗಳನ್ನು ನೋಡಿ ಎ, ಬಿ, ಸಿ ಎಂದು ವರ್ಗೀಕರಿಸುವುದು ಅದರ ಕೆಲಸ: ಎ ಎಂದರೆ ಆಕ್ಷೇಪವಿಲ್ಲದ್ದು, ಬಿ ಎಂದರೆ ಭಾಗಶಃ ಆಕ್ಷೇಪಾರ್ಹ, ಸಿ ಎಂದರೆ ಖಂಡನೀಯ. ಪ್ರತಿವರ್ಷ ಡಿಸೆಂಬರ್‌ನಲ್ಲಿ, ಅಮಲೋದ್ಭವಮಾತೆಯ ಹಬ್ಬದ ಆಸುಪಾಸಿನ ಭಾನುವಾರದಂದು, ಭಕ್ತರು ದೇವಾಲಯದಲ್ಲಿ ಎದ್ದುನಿಂತು ಕೆಟ್ಟ ಚಿತ್ರಗಳನ್ನು ನೋಡುವುದಿಲ್ಲವೆಂದು ಪ್ರತಿಜ್ಞೆ ಮಾಡುತ್ತಿದ್ದರು. ಈ ಸಂಘಟನೆ ಸಾಂತಾಕ್ಲಾಸನ ಕಥೆಗೆ ಕೊಟ್ಟದ್ದು 'ಬಿ' ವರ್ಗ. ಕಾರಣ, ನಾಯಕಿ ವಿವಾಹ ವಿಚ್ಛೇದಿತೆ. ವಿವಾಹದ ಪಾವಿತ್ರ್ಯವನ್ನು ಕಾಪಾಡುವ ಉದ್ದೇಶ ಅದರ ಹಿಂದಿತ್ತು. ಅದನ್ನು ಹಗುರವಾಗಿ ಕಾಣಬಾರದು. ಆದರೆ ನಂಬಿಕೆಯನ್ನೇ ಕಳೆದುಕೊಂಡಿದ್ದ ಹೆಣ್ಣೊಬ್ಬಳೂ ಅವಳ ಪುಟ್ಟ ಮಗಳೂ ಮತ್ತೆ ನಂಬಲು ಕಲಿಯುವ ಕಥೆ ಇದು ಎಂಬುದು ಆ ಒಂದಕ್ಷರದ ತೀರ್ಪಿನಲ್ಲಿ ಕಾಣದೆ ಹೋಯಿತು. ಇಂದು ಅದೇ ಚಿತ್ರವನ್ನು ಕಥೋಲಿಕ ಕುಟುಂಬಗಳು ಯಾವ ಅಳುಕೂ ಇಲ್ಲದೆ ಮಕ್ಕಳೊಡನೆ ನೋಡುತ್ತವೆ.

ಕಾರಾಪುರದ ಹುಡುಗ

ಮೂರನೆಯ ಚಿತ್ರ ಹಾಸ್ಯಚಿತ್ರವಲ್ಲ. ಆದರೆ ಅದರಲ್ಲಿ ಕ್ರಿಸ್ಮಸ್ಸೂ ಇದೆ, ಪ್ರೇಮವೂ ಇದೆ, ನಮ್ಮ ನೆಲದ ಮಗನೂ ಇದ್ದಾನೆ. ಕಬಿನಿಯ ದಂಡೆಯ ಕಾರಾಪುರದಲ್ಲಿ 1924ರ ಜನವರಿ 27ರಂದು ಹುಟ್ಟಿದ ಸಾಬು, ಮಹಾರಾಜರ ಆನೆಗಳನ್ನು ನೋಡಿಕೊಳ್ಳುತ್ತಿದ್ದ ಮಾವುತನ ಮಗ. ಕಿಪ್ಲಿಂಗ್ ಬರೆದ ಆನೆಯ ಕಥೆಯನ್ನು ಚಿತ್ರವಾಗಿಸಲು ರಾಬರ್ಟ್ ಫ್ಲಾಹರ್ಟಿ ತಂಡ 1935ರಲ್ಲಿ ಮೈಸೂರಿಗೆ ಬಂದಾಗ ಈ ಬಾಲಕ ಅವರ ಕಣ್ಣಿಗೆ ಬಿದ್ದ. ಫಿಲೋಮಿನಾ ದೇವಾಲಯಕ್ಕೆ ಅಡಿಗಲ್ಲಿಟ್ಟ ಅದೇ ನಾಲ್ವಡಿಯವರು ಚಿತ್ರತಂಡಕ್ಕೂ ನೆರವಿತ್ತರು. 'ಎಲಿಫೆಂಟ್ ಬಾಯ್' 1937ರಲ್ಲಿ ತೆರೆಕಂಡು, ನಿರ್ದೇಶಕರಾದ ಫ್ಲಾಹರ್ಟಿ ಮತ್ತು ಜೋಲ್ಟನ್ ಕೊರ್ಡಾ ಅವರಿಗೆ ವೆನಿಸ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ತಂದಿತು. ಅಷ್ಟರಲ್ಲಿ ಸಾಬು ಲಂಡನ್ ಸೇರಿದ್ದ. ಅಲ್ಲಿಂದ ಹಾಲಿವುಡ್ ಸೇರಿದ. 'ದಿ ಥೀಫ್ ಆಫ್ ಬಾಗ್ದಾದ್' (1940), 'ಜಂಗಲ್ ಬುಕ್' (1942) ಅವನನ್ನು ಲೋಕವಿಖ್ಯಾತನನ್ನಾಗಿ ಮಾಡಿದವು. 1944ರಲ್ಲಿ ಅಮೆರಿಕದ ಪೌರತ್ವ ಪಡೆದು, ಯುದ್ಧವಿಮಾನದ ಬಾಲದಲ್ಲಿ ಬಂದೂಕು ಹಿಡಿದು ಕುಳಿತು ಹೋರಾಡಿ ಶೌರ್ಯಪದಕವನ್ನೂ ಗಳಿಸಿದ.

ಯುದ್ಧ ಮುಗಿದ ಮೇಲೆ ಅವನು ಅಭಿನಯಿಸಿದ ಚಿತ್ರ 'ಬ್ಲ್ಯಾಕ್ ನಾರ್ಸಿಸಸ್'. ರೂಮರ್ ಗಾಡೆನ್ ಅವರ 1939ರ ಕಾದಂಬರಿಯನ್ನು ಆಧರಿಸಿದ ಇದರಲ್ಲಿ, ಹಿಮಾಲಯದ ಎತ್ತರದ ಹಳೆಯ ಅರಮನೆಯೊಂದರಲ್ಲಿ ಆಂಗ್ಲಿಕನ್ ಧರ್ಮಭಗಿನಿಯರು ಶಾಲೆಯನ್ನೂ ಆಸ್ಪತ್ರೆಯನ್ನೂ ತೆರೆಯಲು ಯತ್ನಿಸಿ ಸೋಲುತ್ತಾರೆ. ಸಾಬು ಅಲ್ಲಿ ಓದಲು ಬರುವ ಯುವರಾಜ; ಕ್ರಿಸ್ಮಸ್ ರಾತ್ರಿಯ ಪ್ರಾರ್ಥನೆಗೂ ಅವನು ಬರುತ್ತಾನೆ. ಹಿಮಾಲಯವೆಂದು ನಮಗೆ ತೋರುವುದೆಲ್ಲ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಬಣ್ಣದಿಂದ ಬರೆದದ್ದು. ಇಡೀ ಚಿತ್ರದ ಭಾರತದಲ್ಲಿ ನಿಜವಾಗಿ ಭಾರತದಿಂದ ಬಂದವನು ಎನ್ನಬಹುದಾದ ಪ್ರಮುಖ ನಟ ಈ ಕಾರಾಪುರದ ಹುಡುಗ.

ಕಥೋಲಿಕ ಸಂಘಟನೆ ಈ ಚಿತ್ರಕ್ಕೆ 'ಸಿ' ವರ್ಗವನ್ನು ಕೊಟ್ಟು ಖಂಡಿಸಿತು. ಸನ್ಯಾಸಿನಿಯರ ಜೀವನಕ್ಕೆ ಅಪಚಾರವಾಗಿದೆ ಎಂಬುದು ಅದರ ನೋವು. ಮಠದ ಮುಖ್ಯಸ್ಥೆ ತನ್ನ ಹಳೆಯ ಪ್ರೇಮವನ್ನು ನೆನೆಯುವ ಭಾಗಗಳನ್ನು ಕತ್ತರಿಸಿದ ಮೇಲೆಯೇ ಖಂಡನೆಯನ್ನು ಹಿಂತೆಗೆದುಕೊಳ್ಳಲಾಯಿತು. ಸನ್ಯಾಸದೀಕ್ಷೆ ಪಡೆದವರಿಗೆ ನೆನಪುಗಳಿರುತ್ತವೆ ಎಂಬುದೇ ಅಂದಿನ ನೋಡುಗರಿಗೆ ಸಹಿಸಲಾಗದ ಸಂಗತಿಯಾಗಿತ್ತು. ಕತ್ತರಿಸಿದ ಆ ಭಾಗಗಳು ಮುಂದೆ ಮರಳಿ ಸೇರಿದವು. ಕಥೋಲಿಕ ಮನೆತನದಲ್ಲಿ ಬೆಳೆದ ಮಾರ್ಟಿನ್ ಸ್ಕೊರ್ಸೀಸಿಯವರಂಥ ನಿರ್ದೇಶಕರು ಅದನ್ನು ಮನಸಾರೆ ಕೊಂಡಾಡಿದರು. ಇನ್ನೊಂದು ಸಂಗತಿ: ಮೂಲ ಕಾದಂಬರಿಯ ಲೇಖಕಿ ಗಾಡೆನ್ 1968ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿ, ಮರುವರ್ಷವೇ ಬೆನೆಡಿಕ್ಟಿನ್ ಸನ್ಯಾಸಿನಿಯರ ಬಾಳನ್ನು ಕುರಿತು ಗೌರವಪೂರ್ಣವಾದ ಮತ್ತೊಂದು ಕಾದಂಬರಿಯನ್ನು ಪ್ರಕಟಿಸಿದರು. ಖಂಡನೆಗೆ ಗುರಿಯಾದ ಕಥೆಯನ್ನು ಹೆತ್ತ ಮನಸ್ಸು ಸನ್ಯಾಸಜೀವನವನ್ನು ಅಣಕಿಸುತ್ತಿರಲಿಲ್ಲ, ಅರಿಯಲು ಹವಣಿಸುತ್ತಿತ್ತು.

1948ರ ಮಾರ್ಚ್ 20ರ ರಾತ್ರಿ ಹಾಲಿವುಡ್‌ನ ಅಕಾಡೆಮಿ ಪ್ರಶಸ್ತಿಗಳ ಸಮಾರಂಭದಲ್ಲಿ ಈ ಮೂರೂ ಚಿತ್ರಗಳು ಮನ್ನಣೆ ಪಡೆದವು. 'ದಿ ಬಿಷಪ್ಸ್ ವೈಫ್' ಧ್ವನಿಮುದ್ರಣಕ್ಕೆ, ಸಾಂತಾಕ್ಲಾಸನ ಕಥೆ ಪೋಷಕನಟನೆಯೂ ಸೇರಿ ಮೂರು ವಿಭಾಗಗಳಲ್ಲಿ, 'ಬ್ಲ್ಯಾಕ್ ನಾರ್ಸಿಸಸ್' ಛಾಯಾಗ್ರಹಣ ಮತ್ತು ಕಲಾನಿರ್ದೇಶನಕ್ಕೆ ಪ್ರಶಸ್ತಿ ಗಳಿಸಿದವು. ಜನರು ಅಂಜಿದ್ದು, ಧರ್ಮಸಭೆಯವರು ಶಂಕಿಸಿದ್ದು, ಖಂಡಿಸಿದ್ದು ಎಲ್ಲವೂ ಒಂದೇ ವೇದಿಕೆಯಲ್ಲಿ ಸೇರಿದಂತಾಯಿತು.

ಸಾಬುವಿನ ಬಾಳಿನ ಉಳಿದ ಭಾಗ ಅಷ್ಟು ಉಜ್ವಲವಲ್ಲ. ನೋಡುಗರು ಅವನನ್ನು ತುಂಬಾ ಪ್ರೀತಿಸಿದರು, ಆದರೆ ಆನೆಯ ಮೇಲಿನ ಹುಡುಗನಾಗಿ ಮಾತ್ರ. ಬೆಳೆದು ಗಂಡಸಾದ ಅವನಿಗೆ ಕೊಡಲು ಹಾಲಿವುಡ್ಡಿನಲ್ಲಿ ಘನವಾದ ಪಾತ್ರಗಳಿರಲಿಲ್ಲ. ಮತ್ತೆ ಮತ್ತೆ ಕಾಡು, ಆನೆ, ಹುಲಿ, ಸರ್ಕಸ್ಸು. ನಿಂದೆಯಷ್ಟೇ ಅಲ್ಲ, ಮೆಚ್ಚುಗೆಯೂ ಮನುಷ್ಯನನ್ನು ಒಂದು ಚೌಕಟ್ಟಿನಲ್ಲಿ ಬಂಧಿಸಿಡಬಲ್ಲದು ಎಂಬುದಕ್ಕೆ ಅವನ ಬಾಳೇ ಸಾಕ್ಷಿ. 1963ರ ಡಿಸೆಂಬರ್ 2ರಂದು, ಕ್ರಿಸ್ಮಸ್ಸಿಗೆ ಮೂರು ವಾರಗಳಿರುವಾಗ, ತನ್ನ 39ನೆಯ ವಯಸ್ಸಿನಲ್ಲಿ ಅವನು ಹೃದಯಾಘಾತದಿಂದ ತೀರಿಕೊಂಡ.

ಪಟ್ಟಿಯಿಂದ ಅಂತಃಸಾಕ್ಷಿಗೆ

ಅದಾಗಿ ಎರಡೇ ದಿನಗಳಲ್ಲಿ, ಡಿಸೆಂಬರ್ 4ರಂದು, ರೋಮ್‌ನಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಸಂಪರ್ಕ ಮಾಧ್ಯಮಗಳನ್ನು ಕುರಿತ 'ಇಂತೆರ್ ಮಿರಿಫಿಕಾ' ಎಂಬ ದಸ್ತಾವೇಜನ್ನು ಪ್ರಕಟಿಸಿತು. ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ನಮ್ಮ ಕಥೆಗೆ ಈ ದಿನಾಂಕ ಮುಖ್ಯ. ಅದಕ್ಕೂ ಮುನ್ನ 1936ರಲ್ಲಿ ವಿಶ್ವಗುರು ಹನ್ನೊಂದನೆಯ ಪಿಯುಸ್ ಅವರು 'ವಿಜಿಲಾಂತಿ ಕೂರಾ' ಎಂಬ ವಿಶ್ವಪತ್ರದಲ್ಲಿ ಅಮೆರಿಕದ ಸಂಘಟನೆಯನ್ನು ಶ್ಲಾಘಿಸಿ, ಇತರ ದೇಶಗಳ ಧರ್ಮಾಧ್ಯಕ್ಷರೂ ಅಂತಹ ಪ್ರತಿಜ್ಞೆಯನ್ನೂ ಪಟ್ಟಿಗಳನ್ನೂ ಜಾರಿಗೆ ತರಬೇಕೆಂದು ಬಯಸಿದ್ದರು. 1957ರಲ್ಲಿ ಹನ್ನೆರಡನೆಯ ಪಿಯುಸ್ ಅವರು 'ಮಿರಾಂದಾ ಪ್ರೊರ್ಸುಸ್' ಪತ್ರದಲ್ಲಿ ಚಲನಚಿತ್ರ, ಬಾನುಲಿ, ದೂರದರ್ಶನಗಳನ್ನು ಬೆರಗಿನಿಂದ ಕಂಡು, ನೋಡುಗರ ಶಿಕ್ಷಣಕ್ಕೆ ಒತ್ತುಕೊಟ್ಟರು. ಮಹಾಸಭೆ ಒಂದು ಹೆಜ್ಜೆ ಮುಂದುವರಿದು, ಯಾವುದನ್ನು ನೋಡಬೇಕೆಂದು ಆರಿಸುವ ಕರ್ತವ್ಯ ನೋಡುಗರದ್ದೇ, ಅದಕ್ಕಾಗಿ ಅವರು ತಮ್ಮ ಅಂತಃಸಾಕ್ಷಿಯನ್ನು ರೂಪಿಸಿಕೊಳ್ಳಬೇಕು ಎಂದಿತು. ಅಮೆರಿಕದ ಆ ಹಳೆಯ ಸಂಘಟನೆ 1965ರಲ್ಲಿ ತನ್ನ ಹೆಸರನ್ನೂ ಬದಲಿಸಿಕೊಂಡಿತು, ಒಳ್ಳೆಯ ಚಿತ್ರಗಳನ್ನು ಗೌರವಿಸುವುದನ್ನೂ ಕಲಿತಿತು.

ಚಲನಚಿತ್ರ ಹುಟ್ಟಿ ನೂರು ವರ್ಷ ತುಂಬಿದ 1995ರಲ್ಲಿ ವ್ಯಾಟಿಕನ್ 45 ಚಿತ್ರಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಇದು ನಿಷೇಧದ ಪಟ್ಟಿಯಲ್ಲ, ಶಿಫಾರಸಿನ ಪಟ್ಟಿ. ಧರ್ಮ, ಮೌಲ್ಯ, ಕಲೆ ಎಂಬ ಮೂರು ವಿಭಾಗಗಳಲ್ಲಿ ತಲಾ 15 ಚಿತ್ರಗಳು. ಮೌಲ್ಯಗಳ ವಿಭಾಗದಲ್ಲಿ 'ಇಟ್ಸ್ ಎ ವಂಡರ್‌ಫುಲ್ ಲೈಫ್' ಎಂಬ ಕ್ರಿಸ್ಮಸ್ ಚಿತ್ರವಿದೆ. ಅದು 1946ರ ಡಿಸೆಂಬರ್‌ನಲ್ಲಿ ತೆರೆಕಂಡಾಗ ಹಾಕಿದ ಹಣವೂ ಹಿಂದಿರುಗಿರಲಿಲ್ಲ. 1974ರಲ್ಲಿ ಅದರ ಹಕ್ಕುಸ್ವಾಮ್ಯವನ್ನು ನವೀಕರಿಸಲು ಮರೆತದ್ದರಿಂದ ಟಿ.ವಿ. ಕೇಂದ್ರಗಳು ಪ್ರತಿ ಕ್ರಿಸ್ಮಸ್ಸಿಗೂ ತೋರಿಸತೊಡಗಿದವು. ಮನೆಗಳಲ್ಲಿ ಕುಳಿತ ಜನ ಆಗ ಅದನ್ನು ಕಂಡುಕೊಂಡರು. ಚಿತ್ರಮಂದಿರದ ತೀರ್ಪನ್ನು ನಡುಮನೆ ತಿದ್ದಿತು.

ನಡುಮನೆಯ ನೋಡುಗರು

ಇಷ್ಟನ್ನೂ ಕಂಡ ಮೇಲೆ ಹಳೆಯ ಕಥೋಲಿಕರ ಎಚ್ಚರವನ್ನು ಅಪಹಾಸ್ಯ ಮಾಡುವುದು ಸುಲಭ. ಆದರೆ ಅದು ನ್ಯಾಯವಲ್ಲ. ಮಕ್ಕಳ ಕಣ್ಣಿಗೆ ಏನು ಬೀಳುತ್ತಿದೆ ಎಂಬ ಕಾಳಜಿ ಅವರಿಗಿತ್ತು. ಇಂದು ಹೊಲದ ಬದುವಿನಲ್ಲಿ ಕುಳಿತ ಹುಡುಗನ ಅಂಗೈಯಲ್ಲಿ ಲೋಕದ ಎಲ್ಲ ಚಿತ್ರಗಳೂ ಇವೆ. ಊರಾಚೆಯ ಟೆಂಟ್ ಸಿನಿಮಾದಲ್ಲಿ ಮರಳಿನ ಮೇಲೆ ಕುಳಿತು ಊರಿಗೂರೇ ಒಂದೇ ಚಿತ್ರವನ್ನು ನೋಡಿ, ದಾರಿಯುದ್ದಕ್ಕೂ ಅದನ್ನೇ ಚರ್ಚಿಸುತ್ತ ಮನೆಗೆ ನಡೆಯುತ್ತಿದ್ದ ಕಾಲ ಸರಿದುಹೋಗಿದೆ. ಈಗ ಒಂದೇ ಮನೆಯಲ್ಲಿ ನಾಲ್ವರು ನಾಲ್ಕು ಪರದೆಗಳನ್ನು ನೋಡುತ್ತಾರೆ. ಯಾರ ಪಟ್ಟಿಯೂ ಅವನ್ನು ತಡೆಯಲಾರದು. ಉಳಿದಿರುವುದು ಮನೆಯ ಮಾತು ಒಂದೇ.

ಆದ್ದರಿಂದ ಈ ಹಬ್ಬದ ದಿನಗಳಲ್ಲಿ ಒಂದು ಚಿತ್ರವನ್ನಾದರೂ ಮನೆಮಂದಿ ಒಟ್ಟಿಗೆ ನೋಡಲಿ. ಮುಗಿದ ಮೇಲೆ ಪರದೆಯನ್ನು ಆರಿಸಿ ಹತ್ತು ನಿಮಿಷ ಮಾತನಾಡಲಿ. ಅಜ್ಜಿ ಏನೆಂದರು, ಮೊಮ್ಮಗಳಿಗೆ ಯಾರು ಇಷ್ಟವಾದರು, ಈ ಕಥೆಯಲ್ಲಿ ಯಾರನ್ನು ಯಾರು ಮರೆತಿದ್ದರು, ಅಂಥವರು ನಮ್ಮ ಮನೆಯಲ್ಲಿಯೂ ಇದ್ದಾರೆಯೇ? "ಇದರಲ್ಲಿ ಕ್ರಿಸ್ತ ಎಲ್ಲಿದ್ದಾನೆ?" ಎಂಬ ಹಿರಿಯರ ಪ್ರಶ್ನೆಯೂ ಅಲ್ಲಿ ಬರಲಿ. ಅದು ಮಾತನ್ನು ಮುಗಿಸುವ ಪ್ರಶ್ನೆಯಾಗದೆ, ಎಲ್ಲರೂ ಸೇರಿ ಹುಡುಕುವ ಪ್ರಶ್ನೆಯಾಗಲಿ.

'ದಿ ಬಿಷಪ್ಸ್ ವೈಫ್' ಚಿತ್ರದ ಕೊನೆಯಲ್ಲಿ ದೇವದೂತ ಹೊರಟುಹೋಗುತ್ತಾನೆ. ಅವನು ಬಂದಿದ್ದನೆಂಬ ನೆನಪೂ ಯಾರಲ್ಲಿಯೂ ಉಳಿಯುವುದಿಲ್ಲ. ಕ್ರಿಸ್ಮಸ್ ರಾತ್ರಿ ಹೆನ್ರಿ ತಾವೇ ಬರೆದದ್ದೆಂದು ಭಾವಿಸಿ ಓದುವ ಪ್ರಬೋಧನೆ ವಾಸ್ತವವಾಗಿ ಅವನು ಬರೆದದ್ದು. ಎಲ್ಲರಿಗೂ ಉಡುಗೊರೆಯನ್ನು ಸಿದ್ಧಪಡಿಸಿದ ನಾವು ಗೋದಲಿಯ ಕೂಸಿಗೆ ಏನು ಕೊಟ್ಟೆವು ಎಂಬುದು ಅದರ ತಾತ್ಪರ್ಯ. ಓದುವ ಧರ್ಮಾಧ್ಯಕ್ಷರ ಮುಂದಿರುವುದು ಹೊಸ ಪ್ರಧಾನಾಲಯವಲ್ಲ, ಅವರ ಹಳೆಯ ಬಡ ಧರ್ಮಕೇಂದ್ರ. ಹೊರಗೆ ಬೀದಿಯಲ್ಲಿ ನಿಂತು ಕೇಳಿಸಿಕೊಂಡ ದೇವದೂತ ಹಿಮದಲ್ಲಿ ನಡೆದುಹೋಗುತ್ತಾನೆ. ಧಾರ್ಮಿಕ ಚಿತ್ರವೆಂದು ಹೆದರಿ 1947ರಲ್ಲಿ ದೂರ ಉಳಿದವರು ಕಾಣದೆ ಹೋದ ದೃಶ್ಯ ಇದು.